ಮೂರು ಗಂಟೆಯ ಪರೀಕ್ಷೆಯ ಬದಲು 20 ಹಾಳೆ: ಮಂಡ್ಯದ ಒಂದು ಗಣಿತ ತರಗತಿಯ ಪ್ರಕರಣ

ಮೊದಲ ಇಂಟರ್ನಲ್ ಟೆಸ್ಟಿನ ಬ್ಲೂ ಬುಕ್ ಹಂಚುತ್ತಿದ್ದೆ. ಮಳವಳ್ಳಿ ಕಡೆಯ ಒಬ್ಬ ಹುಡುಗಿ ಒಂದು ಪ್ರಮೇಯವನ್ನು ಅಕ್ಷರ ತಪ್ಪಿಲ್ಲದೆ ಬರೆದಿದ್ದಳು. ಕನ್ವರ್ಜೆಂಟ್ ಸೀಕ್ವೆನ್ಸ್ ಎಲ್ಲವೂ ಬೌಂಡೆಡ್ ಎಂಬ ಪ್ರಮೇಯ. ಅಂದರೆ, ಯಾವುದೋ ಒಂದು ಸಂಖ್ಯೆಯ ಹತ್ತಿರ ಹತ್ತಿರ ಹೋಗುವ ಸಾಲು ಕೈಮೀರಿ ದೊಡ್ಡದಾಗುವುದಿಲ್ಲ. ಆ ಸಂಖ್ಯೆಯಿಂದ ಎಷ್ಟು ದೂರದೊಳಗೆ ಇದ್ದರೆ ಹತ್ತಿರ ಎನ್ನಬೇಕು ಎಂದು ನಾವು ಹಿಡಿಯುವ ಅಳತೆಗೆ ಎಪ್ಸಿಲಾನ್ ಎನ್ನುತ್ತೇವೆ. ನಾನು 5ಕ್ಕೆ 5 ಕೊಟ್ಟಿದ್ದೆ. ಪುಸ್ತಕ ಕೊಡುವಾಗ ಸುಮ್ನೆ ಒಂದು ಮಾತು ಕೇಳಿದೆ.

"ಇಲ್ಲಿ ಎಪ್ಸಿಲಾನ್ 1 ತಗೊಂಡಿದ್ದೀಯಲ್ಲಮ್ಮಾ, ಯಾಕೆ? 5 ತಗೊಂಡರೆ ಏನಾಗುತ್ತೆ?"

"ತಪ್ಪಾಗುತ್ತೆ ಸರ್. ನೋಟ್ಸಲ್ಲಿ 1 ಇದೆ."

ಅವಳು ಹೇಳಿದ್ದು ಪ್ರಾಮಾಣಿಕ ಉತ್ತರ. ಅವಳ ಮಟ್ಟಿಗೆ ಆ 1 ಎಂಬುದು ನೋಟ್ಸಿನಲ್ಲಿ ಇರುವ ಒಂದು ಗುರುತು. 5 ಇದ್ದರೂ, ಅರ್ಧ ಇದ್ದರೂ ಪ್ರಮೇಯ ಸರಿ ಬರುತ್ತದೆ. ಬರುತ್ತದಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಪರೀಕ್ಷೆಯೂ ಕೇಳುವುದಿಲ್ಲ. ಪರೀಕ್ಷೆ ಕೇಳಿದ್ದನ್ನು ಅವಳು ಪೂರ್ತಿ ಕೊಟ್ಟಿದ್ದಳು, ನಾನು ಪೂರ್ತಿ ಅಂಕ ಕೊಟ್ಟಿದ್ದೆ.

ಆ ಸೆಮಿಸ್ಟರ್‌ನಲ್ಲಿ ನಾವು ಒಂದು ಪೇಪರಿನ ಕೊನೆಯ ಪರೀಕ್ಷೆಯನ್ನು ಕೈಬಿಟ್ಟು ಅದರ ಜಾಗಕ್ಕೆ ಪೋರ್ಟ್‌ಫೋಲಿಯೋ, ಅಂದರೆ ಮಕ್ಕಳು ಮಾಡಿದ ಕೆಲಸದ ಹಾಳೆಗಳ ಕಟ್ಟು, ತಂದಿದ್ದೆವು. ಮಕ್ಕಳು ಅದನ್ನು ಫೈಲು ಅಂತಲೇ ಕರೆದರು. ನಾನೂ ಹಾಗೇ ಕರೆಯುತ್ತೇನೆ. ಅಲ್ಲಿ ಏನು ಆಯಿತು, ಎಲ್ಲಿ ನಾವು ಎಡವಿದೆವು ಎಂಬುದನ್ನು ಬೇರೆ ಕಾಲೇಜಿನ ಮೇಷ್ಟ್ರುಗಳಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಸಂದರ್ಭ

2023ರ ಮಾತು. ಮಂಡ್ಯದ ಒಂದು ಸ್ವಾಯತ್ತ ಕಾಲೇಜು, ಬಿಎಸ್ಸಿ ಮೂರನೇ ಸೆಮಿಸ್ಟರ್, 42 ಮಕ್ಕಳು. ಪೇಪರಿನಲ್ಲಿ ಎರಡು ಭಾಗ: ಡಿಫರೆನ್ಶಿಯಲ್ ಸಮೀಕರಣಗಳು, ಆಮೇಲೆ ಸೀಕ್ವೆನ್ಸ್ ಮತ್ತು ಸೀರೀಸ್. ಕರ್ನಾಟಕದಲ್ಲಿ ಆಗ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿ ನಡೆಯುತ್ತಿತ್ತು. 100ರಲ್ಲಿ 40 ಅಂಕ ಆಂತರಿಕ, 60 ಅಂಕ ಕೊನೆಯ ಪರೀಕ್ಷೆಗೆ. ಮಾಮೂಲಿ ಸಂಯೋಜಿತ ಕಾಲೇಜಿನಲ್ಲಿ ಆ 60ನ್ನು ಮುಟ್ಟುವ ಹಾಗಿಲ್ಲ, ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದಿಂದ ಬರುತ್ತದೆ. ಸ್ವಾಯತ್ತ ಕಾಲೇಜಿಗೆ ಪಠ್ಯವನ್ನೂ ಮೌಲ್ಯಮಾಪನವನ್ನೂ ತಾನೇ ರೂಪಿಸಿಕೊಳ್ಳುವ ಅವಕಾಶ ಇದೆ. ಪಠ್ಯ ತೀರ್ಮಾನಿಸುವ ಅಧ್ಯಯನ ಮಂಡಳಿಯ (ಬಿಓಎಸ್) ಸಭೆಯಲ್ಲಿ ಎರಡು ತಾಸು ವಾದ ನಡೆಯಿತು. ಒಂದೇ ಪೇಪರ್, ಒಂದೇ ಸೆಮಿಸ್ಟರ್, ಎಲ್ಲ ಫೈಲುಗಳನ್ನೂ ಕಾಲೇಜೇ ಕಾಪಾಡಬೇಕು, ಹೊರಗಿನ ಪರೀಕ್ಷಕರೊಬ್ಬರು ಬಂದು ಕೂರಬೇಕು. ಈ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಇಂಟರ್ನಲ್ ಟೆಸ್ಟುಗಳನ್ನು ಹಾಗೇ ಉಳಿಸಿಕೊಂಡೆವು.

60 ಅಂಕವನ್ನು ಹೀಗೆ ಒಡೆದೆವು. ಫೈಲಿಗೆ 40. ಫೈಲಿನ ಮೇಲೆ ಒಬ್ಬೊಬ್ಬರ ಜೊತೆ 15 ನಿಮಿಷದ ಮಾತುಕತೆಗೆ 20. ವೈವಾ ಅನ್ನಲಿಲ್ಲ, ಆ ಪದ ಕೇಳಿದರೆ ಮಕ್ಕಳ ಬಾಯಿ ಒಣಗುತ್ತದೆ.

ಫೈಲಿನಲ್ಲಿ ಹೆಚ್ಚೆಂದರೆ 20 ಹಾಳೆ. ಬಿಳಿ ಎ4, ಟ್ಯಾಗ್ ದಾರ. ಬಣ್ಣದ ಕವರ್, ಸ್ಪೈರಲ್ ಬೈಂಡಿಂಗ್, ಪ್ರಿಂಟ್ ಹಾಕಿಸಿದ ಮುಖಪುಟ ಬೇಡ ಎಂದು ಮೊದಲೇ ಹೇಳಿದೆವು. ಪ್ರಾಜೆಕ್ಟ್ ರಿಪೋರ್ಟುಗಳ ಗತಿ ನೋಡಿದವರಿಗೆ ಕಾರಣ ಗೊತ್ತಿರುತ್ತದೆ. ಒಳಗೆ ಪ್ರತಿ ಘಟಕದಿಂದಲೂ ಕೆಲಸ ಇರಬೇಕು. ತಾವೇ ಕಟ್ಟಿದ ಒಂದು ಲೆಕ್ಕ ಇರಬೇಕು. ಒಂದು ಪ್ರಮೇಯವನ್ನು ತಮ್ಮ ಮಾತಿನಲ್ಲಿ ವಿವರಿಸಬೇಕು. ತಾವು ಮಾಡಿದ ಒಂದು ತಪ್ಪು ಮತ್ತು ಅದನ್ನು ಸರಿಪಡಿಸಿದ ಬಗೆ ಇರಬೇಕು. ಈ ಕೊನೆಯ ನಿಯಮ ನಮ್ಮದೇ ತಲೆಯಿಂದ ಬಂದದ್ದು. ಅದರ ಬಗ್ಗೆ ನನಗೆ ತುಂಬಾ ಹೆಮ್ಮೆ ಇತ್ತು. ಮುಂದೆ ಅದೇ ನಮ್ಮನ್ನು ಜಾಸ್ತಿ ನೋಯಿಸಿತು.

ಇನ್ನೊಂದು ವಿಷಯವನ್ನು ಮೊದಲೇ ಯೋಚಿಸಿದ್ದು ಒಳ್ಳೆಯದಾಯಿತು. ಪರೀಕ್ಷೆಯಲ್ಲಿ ಎಲ್ಲರಿಗೂ ಅದೇ ಮೂರು ಗಂಟೆ. ಫೈಲು ಮನೆಯಲ್ಲಿ ಮಾಡುವ ಕೆಲಸ ಆಗಿಬಿಟ್ಟರೆ, ಮನೆಯಲ್ಲಿ ಬಿಡುವು ಇರುವವರಿಗೆ ಮಾತ್ರ ಅನುಕೂಲ. ನಮ್ಮ ಮಕ್ಕಳಲ್ಲಿ ನಾಲೆಗೆ ನೀರು ಬಿಟ್ಟ ವಾರ ನಾಟಿಗೆ ಹೋಗುವವರಿದ್ದಾರೆ. ಸಂಜೆ ಆರರ ಬಸ್ ಹಿಡಿದು ನಾಗಮಂಗಲ ಕಡೆಗೆ ಹೋಗಿ, ಅಡುಗೆ ಮಾಡಿ, ತಮ್ಮಂದಿರಿಗೆ ಬಡಿಸುವ ಹುಡುಗಿಯರಿದ್ದಾರೆ. ಅದಕ್ಕೆ ಪ್ರತಿ ಶನಿವಾರ ಎರಡು ಗಂಟೆ ತರಗತಿಯಲ್ಲೇ ಫೈಲಿನ ಕೆಲಸ ಎಂದು ಟೈಮ್‌ಟೇಬಲ್ ಹಾಕಿದೆವು. ಸೆಪ್ಟೆಂಬರ್ 23 ಶನಿವಾರ ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆಯಿತು. ಆ ದಿನದ ಎರಡು ಗಂಟೆಯನ್ನು ಬೇರೆ ದಿನ ಕೊಟ್ಟೆವು.

ಕುರಿದೊಡ್ಡಿಯ ಹಾಳೆ

ಮಳವಳ್ಳಿ ಹುಡುಗಿ ತಮ್ಮ ಮಾತಿನಲ್ಲಿ ಬರೆಯಬೇಕಾದ ಪ್ರಮೇಯಕ್ಕೆ ಅದೇ ಪ್ರಮೇಯವನ್ನು ಆರಿಸಿಕೊಂಡಳು. ನಾನು ಕೇಳಿದ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ ಅಂತ ಕಾಣುತ್ತದೆ. ಮೊದಲ ಶನಿವಾರ ತಂದದ್ದು ನೋಟ್ಸಿನ ನಕಲು. ಎರಡನೇ ಸಲ 1ರ ಬದಲು 5 ಹಾಕಿ ಇಡೀ ಪ್ರಮೇಯ ಮತ್ತೆ ಬರೆದಿದ್ದಳು, ಕೆಳಗೆ "ಇದೂ ಸರಿ ಬರುತ್ತಿದೆ, ಹೇಗೆ?" ಎಂದು ಪೆನ್ಸಿಲಿನಲ್ಲಿ. ಇಂಗ್ಲಿಷಿನಲ್ಲಿ ವಿವರಣೆ ಬರೆಯಲು ಕೂತರೆ ಎರಡು ಸಾಲಿಗೆ ನಿಲ್ಲುತ್ತಿದ್ದಳು. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ.

"ಕನ್ನಡದಲ್ಲೇ ಬರೀಮ್ಮ, ಯಾರು ಬೇಡ ಅಂದರು?" ಅಂದೆ. ನಿಜ ಹೇಳಬೇಕೆಂದರೆ ಬೇಡ ಎಂದೂ ಯಾರೂ ಅಂದಿರಲಿಲ್ಲ, ಬರೆಯಬಹುದು ಎಂದೂ ನಾವು ಅಂದಿರಲಿಲ್ಲ. ಅವತ್ತೇ ಇಡೀ ತರಗತಿಗೆ ಹೇಳಿದೆ. ವಿವರಣೆಯ ಹಾಳೆ ಕನ್ನಡದಲ್ಲಿ ಇರಬಹುದು, ಇಂಗ್ಲಿಷಿನಲ್ಲಿ ಇರಬಹುದು, ಎರಡೂ ಬೆರೆಸಿ ಇರಬಹುದು.

ಮೂರನೇ ಹಾಳೆ ಹೀಗಿತ್ತು. ಅವರ ಮನೆಯಲ್ಲಿ ಕುರಿ ಇವೆ, ಬನ್ನೂರು ಕುರಿ. ಸಂಜೆ ಹಿಂಡು ದೊಡ್ಡಿಗೆ ಬರುತ್ತದೆ. ಎಲ್ಲೋ ಒಂದು ಕುರಿಯಿಂದ ಆಚೆಗೆ ಹಿಂದೆ ಬರುವವೆಲ್ಲ ದೊಡ್ಡಿಯೊಳಗೇ ಇರುತ್ತವೆ. ಹೊರಗೆ ಉಳಿದವು ಮುಂದೆ ಓಡಿದ ಏಳೋ ಎಂಟೋ. ಅವುಗಳನ್ನು ಬೆರಳಲ್ಲಿ ಎಣಿಸಬಹುದು, ಅವುಗಳಲ್ಲಿ ಯಾವುದು ಎಲ್ಲಕ್ಕಿಂತ ದೂರ ಹೋಗಿದೆ ಎಂದು ಹೇಳಬಹುದು. ದೊಡ್ಡಿಯನ್ನೂ ಅದನ್ನೂ ಸೇರಿಸಿ ಒಂದು ದೊಡ್ಡ ಬೇಲಿ ಹಾಕಿದರೆ ಇಡೀ ಹಿಂಡು ಒಳಗೆ. ದೊಡ್ಡಿ 1 ಅಡಿ ಅಗಲವೋ 5 ಅಡಿ ಅಗಲವೋ ಮುಖ್ಯ ಅಲ್ಲ. ಚಿಕ್ಕದು ಮಾಡಿದರೆ ಹೊರಗೆ ಉಳಿಯುವವು ಜಾಸ್ತಿ ಆಗಬಹುದು, ಆದರೂ ಎಣಿಸಿ ಮುಗಿಯುತ್ತವೆ.

ಈ ಪ್ರಮೇಯದ ಜೀವ ಇರುವುದು "ಎಣಿಸಿ ಮುಗಿಯುತ್ತವೆ" ಎಂಬ ಮಾತಿನಲ್ಲೇ. ಎಣಿಸಿ ಮುಗಿಯುವಷ್ಟು ಸಂಖ್ಯೆಗಳಿದ್ದರೆ ಅವುಗಳಲ್ಲಿ ದೊಡ್ಡದು ಇದ್ದೇ ಇರುತ್ತದೆ. ಮುಗಿಯದಷ್ಟು ಇದ್ದರೆ ಇಲ್ಲದೆಯೂ ಇರಬಹುದು. ಮಾತುಕತೆಯ ದಿನ ಹೊರಗಿನ ಪರೀಕ್ಷಕರು ಅವಳನ್ನು ಕೇಳಿದರು, "ಕುರಿಗಳು ಮುಗಿಯದಷ್ಟು ಹೊರಗೆ ಉಳಿದರೆ?" ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಅದು ಕನ್ವರ್ಜೆಂಟೇ ಅಲ್ಲ ಸರ್" ಅಂದಳು. ನಾನು ಮೇಜಿನ ಕೆಳಗೆ ಕೈ ಮುಷ್ಟಿ ಹಿಡಿದು ಕೂತಿದ್ದೆ.

ಕೆಆರ್‌ಎಸ್ ಮಟ್ಟ

ಪಾಂಡವಪುರ ತಾಲ್ಲೂಕಿನ ಒಬ್ಬ ಹುಡುಗ ತಾನೇ ಕಟ್ಟಿದ ಲೆಕ್ಕಕ್ಕೆ ಕೆಆರ್‌ಎಸ್ ಆರಿಸಿದ. ಆ ವರ್ಷ ಮಳೆ ಕೈಕೊಟ್ಟಿತ್ತು. ಜಲಾಶಯದ ನೀರಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ, ಗರಿಷ್ಠ 124.80 ಅಡಿ ಎಂಬ ಸಾಲಿನ ಜೊತೆಗೆ. ನಮ್ಮ ಕಡೆ ಅದನ್ನು ನೋಡದೆ ಯಾರೂ ಪೇಪರ್ ಮಡಚುವುದಿಲ್ಲ. ಅವನು ಮಟ್ಟ ಬರೀ ಇಳಿಯುತ್ತಲೇ ಹೋದ 10 ದಿನಗಳನ್ನು ಆರಿಸಿಕೊಂಡು, "ಇಳಿಯುತ್ತಿದೆ, ಕೆಳಗೆ ಒಂದು ಮಿತಿ ಇದೆ, ಆದ್ದರಿಂದ ಕನ್ವರ್ಜ್ ಆಗುತ್ತದೆ" ಎಂದು ಬರೆದ. ಮೊನೊಟೋನ್ ಪ್ರಮೇಯ ಬಳಸಿದ್ದೇನೆ ಎಂಬ ಖುಷಿ ಅವನಿಗೆ.

ನಾನು ಹಾಳೆಯ ಅಂಚಿನಲ್ಲಿ ಎರಡೇ ಪದ ಬರೆದೆ: "ನಾಳೆ ಏನಾಗುತ್ತೆ?"

ಎರಡು ವಾರ ಅವನು ಆ ಹಾಳೆ ಮುಟ್ಟಲಿಲ್ಲ. ಆಮೇಲೆ ಒಂದು ದಿನ ಎರಡು ಸೀಕ್ವೆನ್ಸ್ ತಂದ. ಒಂದು, ನಮಗೆಲ್ಲ ಗೊತ್ತಿರುವ 1, 1/2, 1/3, 1/4. ಇನ್ನೊಂದರಲ್ಲೂ ಮೊದಲ 10 ಪದಗಳು ಅವೇ. 11ನೇ ಪದ ಮಾತ್ರ 36 ಲಕ್ಷ ದಾಟುತ್ತದೆ. ಹೇಗೆ ಮಾಡಿದ ಅಂದರೆ, ಪದದ ಸ್ಥಾನದಿಂದ 1 ಕಳೆದದ್ದು, 2 ಕಳೆದದ್ದು, ಹೀಗೆ 10 ಕಳೆದದ್ದರವರೆಗೆ ಎಲ್ಲವನ್ನೂ ಗುಣಿಸಿ, ಅದನ್ನು ಮೊದಲ ಸೀಕ್ವೆನ್ಸಿಗೆ ಕೂಡಿಸಿದ. ಮೊದಲ ಹತ್ತು ಸ್ಥಾನಗಳಲ್ಲಿ ಆ ಗುಣಲಬ್ಧ ಸೊನ್ನೆ. 11ನೇ ಸ್ಥಾನದಲ್ಲಿ 10ರಿಂದ 1ರವರೆಗಿನ ಗುಣಲಬ್ಧ, 36,28,800. ಅಲ್ಲಿಂದ ಮುಂದೆ ಏರುತ್ತಲೇ ಹೋಗುತ್ತದೆ. ಕೆಳಗೆ ಬರೆದಿದ್ದ: "ಹತ್ತು ದಿನದ ಮಟ್ಟ ನೋಡಿ ಮಿತಿ ಹೇಳಕ್ಕಾಗಲ್ಲ. ಸಾವಿರ ದಿನದ್ದು ನೋಡಿದರೂ ಆಗಲ್ಲ."

ಈ ತಿಳಿವಳಿಕೆಯನ್ನು ಮೂರು ಗಂಟೆಯ ಪರೀಕ್ಷೆಯಲ್ಲಿ ಹೇಗೆ ಕೇಳುವುದು? ನನಗೆ ಈಗಲೂ ಗೊತ್ತಾಗಿಲ್ಲ. ಅವನು ಮೊದಲು ತಪ್ಪಬೇಕಿತ್ತು, ಎರಡು ವಾರ ಸುಮ್ಮನಿರಬೇಕಿತ್ತು.

ಡಿಫರೆನ್ಶಿಯಲ್ ಸಮೀಕರಣದ ಭಾಗದಲ್ಲಿ ಇಷ್ಟು ಒಳ್ಳೆಯ ಹಾಳೆಗಳು ಕಡಿಮೆ ಬಂದವು. ಮದ್ದೂರು ಕಡೆಯ ಇಬ್ಬರು ಸ್ನೇಹಿತರದ್ದು ಮಾತ್ರ ನೆನಪಿದೆ. ಭೌತಶಾಸ್ತ್ರ ಲ್ಯಾಬಿನಿಂದ ಥರ್ಮಾಮೀಟರ್ ಕೇಳಿ ತಗೊಂಡು ಆಲೆಮನೆಗೆ ಹೋದರು. ಅಚ್ಚಿಗೆ ಹಾಕಿದ ಬೆಲ್ಲ 100 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಅದು ಆರುವುದನ್ನು ಅಳೆದು, ನ್ಯೂಟನ್ನನ ತಂಪಾಗುವ ನಿಯಮಕ್ಕೆ ಹೋಲಿಸಿದರು. ಸುತ್ತಲಿಗಿಂತ ಎಷ್ಟು ಜಾಸ್ತಿ ಬಿಸಿಯೋ ಅಷ್ಟು ಬೇಗ ಆರುತ್ತದೆ ಎಂಬುದು ಆ ನಿಯಮ. ನಡುವೆ ಲೆಕ್ಕಕ್ಕಿಂತ ಬೆಲ್ಲ ನಿಧಾನವಾಗಿ ಆರಿತು. ಗಟ್ಟಿಯಾಗುವಾಗ ಬೆಲ್ಲ ಶಾಖ ಬಿಡುತ್ತದೆ, ಆ ಶಾಖ ನಮ್ಮ ಸಮೀಕರಣದಲ್ಲಿ ಇಲ್ಲ ಎಂದು ಬರೆದಿದ್ದರು. ಅಂಕಿಗಳನ್ನು ತಿದ್ದಿ ಗೆರೆಗೆ ಕೂರಿಸಲಿಲ್ಲವಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು.

ಮಾಡದ ತಪ್ಪು

ಈಗ ನಾವು ಎಡವಿದ ಜಾಗಕ್ಕೆ ಬರುತ್ತೇನೆ.

ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿಯೊಬ್ಬಳಿದ್ದಳು. ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್. ಎರಡೂ ಇಂಟರ್ನಲ್‌ನಲ್ಲಿ ಪೂರ್ತಿ ಅಂಕ. ಅವಳ ಫೈಲು ಅಚ್ಚುಕಟ್ಟಾಗಿತ್ತು. ತಪ್ಪಿನ ಹಾಳೆಯಲ್ಲಿ ಹಾರ್ಮೋನಿಕ್ ಸೀರೀಸ್ ಇತ್ತು. 1, 1/2, 1/3 ಹೀಗೆ ಕೂಡುತ್ತಾ ಹೋಗುವುದು. ಪದಗಳು ಸೊನ್ನೆಯತ್ತ ಹೋಗುತ್ತವೆ, ಆದ್ದರಿಂದ ಮೊತ್ತಕ್ಕೆ ಮಿತಿ ಇದೆ ಎಂದು ನೀಲಿಯಲ್ಲಿ. ಅದರ ಕೆಳಗೆ ಕೆಂಪಿನಲ್ಲಿ ಸರಿಯಾದ ವಾದ. ಓದುವಾಗಲೇ ಏನೋ ಸರಿ ಇಲ್ಲ ಅನಿಸಿತು. ಆ ತಪ್ಪು ಎಲ್ಲ ಪುಸ್ತಕದಲ್ಲೂ ಎಚ್ಚರಿಕೆಯಾಗಿ ಕೊಟ್ಟಿರುವ ತಪ್ಪು. ಈ ಹುಡುಗಿ ಅದನ್ನು ಮಾಡುವವಳಲ್ಲ.

"ಇದು ಯಾವಾಗ ಮಾಡಿದ ತಪ್ಪಮ್ಮಾ?"

ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು, "ಮಾಡಿಲ್ಲ ಸರ್. ನೀವು ತಪ್ಪು ಬೇಕು ಅಂದ್ರಿ. ಅದಕ್ಕೆ ಮಾಡಿದೆ."

ಅವಳ ಮೇಲೆ ಕೋಪ ಬರಲಿಲ್ಲ. ನಾವೇ ಸುಳ್ಳು ಹೇಳಿಸಿದ್ದೆವು. ಪ್ರಾಮಾಣಿಕವಾಗಿರಲಿ ಎಂದು ಹಾಕಿದ ನಿಯಮ ಅದು. ಉಳಿದ ಫೈಲುಗಳನ್ನು ಮತ್ತೆ ತೆಗೆದು ನೋಡಿದರೆ ಹೀಗೆ ಕಟ್ಟಿದ ತಪ್ಪುಗಳು ಇನ್ನೂ ಇದ್ದವು. ತಪ್ಪಿಗೂ ಅಂಕ ಇದೆ ಎಂದರೆ ಮಕ್ಕಳು ತಪ್ಪನ್ನೂ ಬಾಯಿಪಾಠ ಮಾಡುತ್ತಾರೆ, ಅಷ್ಟೇ.

ಅವಳನ್ನು ಬೇರೆ ರೀತಿ ಕೇಳಿದೆ. "ಹೋಗಲಿ, ತಪ್ಪು ಬೇಡ. ಓದುವಾಗ ಎಲ್ಲಾದರೂ ನಿಂತೆಯಾ? ಮುಂದೆ ಹೋಗೋಕೆ ಮನಸ್ಸು ಬರದ ಜಾಗ ಯಾವುದಾದರೂ ಇತ್ತಾ?"

ಚೀಲದಿಂದ ರಫ್ ನೋಟ್‌ಬುಕ್ ತೆಗೆದು ಹಿಂದಿನ ಪುಟ ತೋರಿಸಿದಳು. ಹಾರ್ಮೋನಿಕ್ ಸೀರೀಸಿನ ಮೊತ್ತ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ ಎಂಬುದಕ್ಕೆ ಪದಗಳನ್ನು ಗುಂಪು ಮಾಡುವ ಹಳೆಯ ವಾದ ಇದೆ. 14ನೇ ಶತಮಾನದಲ್ಲಿ ಫ್ರಾನ್ಸಿನ ಪಂಡಿತ ಒರೆಮ್ ಕೊಟ್ಟದ್ದು. 1/3 ಮತ್ತು 1/4 ಕೂಡಿದರೆ ಅರ್ಧಕ್ಕಿಂತ ಜಾಸ್ತಿ. ಮುಂದಿನ ನಾಲ್ಕು ಪದ ಕೂಡಿದರೂ ಅರ್ಧಕ್ಕಿಂತ ಜಾಸ್ತಿ. ಅದರ ಮುಂದಿನ ಎಂಟು ಕೂಡಿದರೂ ಹಾಗೆಯೇ. ಈ ಲೆಕ್ಕದ ಪ್ರಕಾರ ಮೊತ್ತ 10 ಮುಟ್ಟಲು 2,62,144 ಪದ ತಗೊಂಡರೆ ಸಾಕು. ಅವಳಿಗೆ ಅನುಮಾನ ಬಂದಿದೆ, ನಿಜವಾಗಿ ಅಷ್ಟೊಂದು ಬೇಕಾ? ಲ್ಯಾಬಿನಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದಿದ್ದಾಳೆ. ಉತ್ತರ 12,367. ಗುಂಪು ಮಾಡುವಾಗ ನಾವು ಎಷ್ಟು ಬಿಟ್ಟುಕೊಡುತ್ತೇವೆ, ಯಾವ ಗುಂಪಿನಲ್ಲಿ ಎಷ್ಟು ಎಂದು ಮುಂದಿನ ಅರ್ಧ ಪುಟ. ಅಲ್ಲಿಗೆ ನಿಂತಿತ್ತು.

"ಇದನ್ನ ಯಾಕೆ ಫೈಲಿಗೆ ಹಾಕಲಿಲ್ಲ?"

"ಇದು ಸಿಲಬಸ್ಸಲ್ಲಿ ಇಲ್ವಲ್ಲ ಸರ್. ಪೂರ್ತಿನೂ ಆಗಿಲ್ಲ."

ಅವಳ ನಿಜವಾದ ಫೈಲು ಆ ರಫ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿತ್ತು. ನಮ್ಮ ನಿಯಮ ಅದನ್ನು ಹೊರಗೇ ಇಟ್ಟಿತ್ತು. ಕೊನೆಗೆ ಮೂರು ವಾರ ಉಳಿದಿರುವಾಗ ನಿಯಮ ಬದಲಿಸಿದೆವು. ತಪ್ಪಿನ ಹಾಳೆ ತೆಗೆದು "ನಾನು ನಿಂತ ಜಾಗ" ಎಂದು ಇಟ್ಟೆವು. ಬಿಡಿಸಿರಬೇಕು ಎಂದೇನಿಲ್ಲ. ಎಲ್ಲಿ ನಿಂತೆ, ಏನೇನು ಪ್ರಯತ್ನ ಮಾಡಿದೆ, ಅಷ್ಟು ಸಾಕು. ನಡುವೆ ನಿಯಮ ಬದಲಿಸಿದ್ದಕ್ಕೆ ಕೆಲವು ಮಕ್ಕಳಿಗೆ ಬೇಜಾರಾಯಿತು. ಬೇಜಾರಾದದ್ದು ನ್ಯಾಯವೇ.

ಅಂಕ ಹಾಕುವ ಕಷ್ಟ

ಪ್ರತಿ ಫೈಲನ್ನೂ ಇಬ್ಬರು ಓದಬೇಕಿತ್ತು, ನಾನು ಮತ್ತು ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ ಒಬ್ಬರು. ಮೊದಲು ಓದಿದ ಒಂದು ಫೈಲಿಗೆ ನಾನು 40ಕ್ಕೆ 31 ಕೊಟ್ಟೆ, ಅವರು 19. ಇಬ್ಬರೂ ಕಾಳಜಿಯಿಂದಲೇ ಓದಿದ್ದೆವು. ಅವರು ಸರಿ ಉತ್ತರಗಳನ್ನು ಎಣಿಸಿದ್ದರು, ನಾನು ಯೋಚನೆ ಎಲ್ಲಿಂದ ಎಲ್ಲಿಗೆ ಬಂತು ಎಂದು ನೋಡಿದ್ದೆ.

ಇದು ನಮಗೊಬ್ಬರಿಗೇ ಬಂದ ತೊಂದರೆ ಆಗಿರಲಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯ 1990ರ ದಶಕದ ಶುರುವಿನಲ್ಲಿ 4 ಮತ್ತು 8ನೇ ತರಗತಿಗಳಲ್ಲಿ ಗಣಿತಕ್ಕೂ ಬರವಣಿಗೆಗೂ ಪೋರ್ಟ್‌ಫೋಲಿಯೋ ತಂದಿತು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಪರವಾಗಿ ಡೇನಿಯಲ್ ಕೊರೆಟ್ಜ್ ಮತ್ತು ಅವರ ಜೊತೆಗಾರರು ಅದನ್ನು ಪರಿಶೀಲಿಸಿದಾಗ ಮೊದಲು ಸಿಕ್ಕ ದೊಡ್ಡ ದೋಷವೇ ಇದು. ಒಂದೇ ಫೈಲಿಗೆ ಇಬ್ಬರು ಮೇಷ್ಟ್ರುಗಳ ಅಂಕ ಹೊಂದುತ್ತಿರಲಿಲ್ಲ. ಮುಂದಿನ ವರ್ಷ ಗಣಿತದಲ್ಲಿ ಅದು ಸ್ವಲ್ಪ ಸುಧಾರಿಸಿತು.

ನಾವು ನಾಲ್ಕು ಫೈಲು ಆರಿಸಿಕೊಂಡು ಸ್ಟಾಫ್‌ರೂಮಿನಲ್ಲಿ ಜೊತೆಗೇ ಕೂತು ಓದಿದೆವು. ಸಂಜೆ ಆಯಿತು, ಎರಡು ಸಲ ಟೀ ಬಂತು. ಯಾವ ಹಾಳೆಗೆ ಯಾಕೆ ಅಂಕ ಎಂದು ಜಗಳ ಆಡಿ, ಕೊನೆಗೆ ಅರ್ಧ ಹಾಳೆಯಲ್ಲಿ ಬರೆದಿಟ್ಟೆವು. ಗಣಿತ ಸರಿ ಇದೆಯಾ. ಕಾರಣ ಕೊಟ್ಟಿದ್ದಾರಾ. ಉದಾಹರಣೆ ತಾವೇ ಹುಡುಕಿದ್ದಾರಾ. ಮೊದಲ ಬರವಣಿಗೆಗೂ ಕೊನೆಯದಕ್ಕೂ ವ್ಯತ್ಯಾಸ ಕಾಣುತ್ತದಾ. ಆ ನಾಲ್ಕು ಫೈಲುಗಳನ್ನು ಮೇಜಿನ ಮೇಲೆ ಅಳತೆಗೋಲಿನಂತೆ ಇಟ್ಟುಕೊಂಡು ಉಳಿದವನ್ನು ಓದಿದೆವು. 6 ಅಂಕಕ್ಕಿಂತ ಜಾಸ್ತಿ ಅಂತರ ಬಂದರೆ ವಿಭಾಗದ ಮುಖ್ಯಸ್ಥರು ಮೂರನೆಯವರಾಗಿ ಓದುತ್ತಿದ್ದರು. ಅಂತರ ಪೂರ್ತಿ ಹೋಗಲಿಲ್ಲ, ತಡೆದುಕೊಳ್ಳುವಷ್ಟಕ್ಕೆ ಬಂತು.

ನಕಲು ಮಾಡಿದ ಫೈಲೂ ಬಂತು. ಕೈಬರಹ ಮುದ್ದಾಗಿತ್ತು. ಆದರೆ ಆ ಪೇಪರಿನಲ್ಲಿ ಇಲ್ಲದ ಲ್ಯಾಪ್ಲಾಸ್ ವಿಧಾನ ಹಾಕಿ ಸಮೀಕರಣ ಬಿಡಿಸಿತ್ತು. ಫೋನು ಕೇಳಿದರೆ ಈಗ ಯಾವ ಲೆಕ್ಕಕ್ಕಾದರೂ ಉತ್ತರ ಬರುತ್ತದೆ, ಅಲ್ವಾ. ಮಾತುಕತೆಗೆ ಕೂತಾಗ ಹುಡುಗನಿಗೆ ತನ್ನದೇ ಎರಡನೇ ಹಾಳೆ ವಿವರಿಸಲು ಆಗಲಿಲ್ಲ. ಒಂದು ವಾರ ಬಿಟ್ಟು ಇನ್ನೊಂದು ಅವಕಾಶ ಕೊಟ್ಟೆವು, ಬರಲಿಲ್ಲ. ಆ ಪೇಪರಿನಲ್ಲಿ ಅವನು ಪಾಸಾಗಲಿಲ್ಲ. ಮಾತುಕತೆ ಇಲ್ಲದೆ ಬರೀ ಫೈಲು ನೋಡಿ ಅಂಕ ಹಾಕಿದ್ದರೆ ಅವನಿಗೆ ಒಳ್ಳೆಯ ಅಂಕವೇ ಬರುತ್ತಿತ್ತು. ಹಾಗಾಗಿ ಯಾರಾದರೂ ಇದನ್ನು ಮಾಡುವುದಾದರೆ ಮಾತುಕತೆಯನ್ನು ಮಾತ್ರ ಬಿಡಬೇಡಿ ಎನ್ನುತ್ತೇನೆ.

ಇನ್ನು ಸಮಯ. ಒಂದು ಫೈಲು ಓದಲು 25 ನಿಮಿಷ, ಮಾತುಕತೆ 15. 42 ಮಕ್ಕಳಿಗೆ ಒಬ್ಬ ಮೇಷ್ಟ್ರಿಗೆ 28 ಗಂಟೆ. ಇಬ್ಬರಿಗೆ 56. ಶನಿವಾರಗಳದ್ದು ಬೇರೆ. ನನಗೆ ಖಾಯಂ ಸಂಬಳ ಇದೆ, ನಾನು ಮಾಡಿದೆ. ನನ್ನ ಜೊತೆ ಕೂತವರಿಗೆ ಈ ಗಂಟೆಗಳಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಅವರು ಖುಷಿಯಿಂದ ಮಾಡಿದರು ಎಂಬುದು ಅದಕ್ಕೆ ಉತ್ತರ ಆಗುವುದಿಲ್ಲ.

ಒಬ್ಬ ತಂದೆ ಕೇಳಿದ್ದು

ಫಲಿತಾಂಶ ಬಂದ ಮೇಲೆ ಒಬ್ಬರು ತಂದೆ ಕಾಲೇಜಿಗೆ ಬಂದರು. ಕಬ್ಬಿನ ಗಾಡಿ ಕಾರ್ಖಾನೆಗೆ ಬಿಟ್ಟು ನೇರವಾಗಿ ಬಂದಿದ್ದರು. "ಮೇಷ್ಟ್ರೇ, ನಮ್ಮುಡುಗ ಈ ಫೈಲಿನಿಂದ ಚೆನ್ನಾಗಿ ಕಲಿತೆ ಅಂತಾನೆ. ಸಂತೋಷ. ಆದರೆ ಎಂಎಸ್ಸಿ ಸೀಟಿಗೆ ಪರೀಕ್ಷೆ, ಬಿಎಡ್ ಆದ ಮೇಲೆ ಟಿಇಟಿ, ಕೆಲಸಕ್ಕೆ ಮತ್ತೆ ಪರೀಕ್ಷೆ. ಅಲ್ಲಿ ಯಾರು ಇವನ ಫೈಲು ನೋಡ್ತಾರೆ?"

ಅವರ ಮಾತು ಸರಿಯಾಗಿತ್ತು. ಗಡಿಯಾರದ ಎದುರು ಬರೆಯುವ ಅಭ್ಯಾಸ ನಮ್ಮ ಮಕ್ಕಳಿಗೆ ಬೇಕು. ಅದಕ್ಕೇ ಇಂಟರ್ನಲ್ ಟೆಸ್ಟು ಉಳಿಸಿದ್ದೇವೆ ಎಂದೆ. ಮೊದಲ ವರ್ಷದ ಕ್ಯಾಲ್ಕ್ಯುಲಸ್‌ಗೆ ನಾನು ಫೈಲು ತರುವುದೂ ಇಲ್ಲ. ಇಂಟಿಗ್ರೇಷನ್‌ಗೆ ಕೈ ಪಳಗಬೇಕು, ಅದಕ್ಕೆ ನೂರಾರು ಲೆಕ್ಕ ಮಾಡಬೇಕು, ಪರೀಕ್ಷೆ ಅದನ್ನು ಚೆನ್ನಾಗಿಯೇ ಅಳೆಯುತ್ತದೆ. ಪ್ರಮೇಯಗಳ ಪೇಪರ್ ಬೇರೆ. ಅಲ್ಲಿ ಪರೀಕ್ಷೆ ಅಳೆಯುವುದು ನೆನಪನ್ನು. "ನೋಟ್ಸಲ್ಲಿ 1 ಇದೆ" ಎಂಬ ಉತ್ತರಕ್ಕೆ ನಾನು 5ಕ್ಕೆ 5 ಕೊಟ್ಟದ್ದನ್ನು ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ಇರ್ಲಿ ಬುಡಿ ಮತ್ತೆ" ಅಂದರು.

ಆಮೇಲೆ

ಒಪ್ಪಿಗೆ ಒಂದೇ ಸೆಮಿಸ್ಟರ್‌ಗೆ ಇತ್ತು, ಅಲ್ಲಿಗೆ ಮುಗಿಯಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಪೇಪರುಗಳೆಲ್ಲ ಹೊಸದಾಗಿ ಬಂದವು. ಕೊನೆಯ ಪರೀಕ್ಷೆಯೂ ವಾಪಸ್ ಬಂದಿದೆ. ಫೈಲನ್ನು ಪೂರ್ತಿಯಾಗಿ ತರಲು ಈಗ ನಮ್ಮಲ್ಲಿ ಜನ ಸಾಲದು. ಇಂಟರ್ನಲ್ ಅಂಕದೊಳಗೆ ಎರಡು ಹಾಳೆ ಮಾತ್ರ ಉಳಿಸಿಕೊಂಡಿದ್ದೇವೆ. ಒಂದು ಪ್ರಮೇಯ ತಮ್ಮ ಮಾತಿನಲ್ಲಿ, ಬೇಕಾದ ಭಾಷೆಯಲ್ಲಿ. ಇನ್ನೊಂದು, ನಿಂತ ಜಾಗ. ಅದರ ಮೇಲೆ ಐದು ನಿಮಿಷ ಮಾತು.

ಆ 42 ಫೈಲುಗಳು ವಿಭಾಗದ ಬೀರುವಿನಲ್ಲಿವೆ. ಹೋದ ತಿಂಗಳು ಮಳವಳ್ಳಿ ಹುಡುಗಿ ಬಂದಿದ್ದಳು. ಊರಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಾಳಂತೆ. ತನ್ನ ಕುರಿದೊಡ್ಡಿಯ ಹಾಳೆ ಬೇಕು ಅಂದಳು. ಫೈಲು ಹೊರಗೆ ಕೊಡುವ ಹಾಗಿಲ್ಲ. ಜೆರಾಕ್ಸ್ ಮಾಡಿಸಿ ಕೊಟ್ಟೆ. ನಿಂತಲ್ಲೇ ಓದಿ, ಪೆನ್ನು ಕೇಳಿ, ಮೂರನೇ ಸಾಲಿನಲ್ಲಿ ಒಂದು ಪದ ಹೊಡೆದು ಹಾಕಿ ಬೇರೆ ಬರೆದಳು.